ಸಿಐಎಂ ಸಿಲಬಸ್ ಹೆಣೆಯುವವರಿಗೆ: ಯಂತ್ರದಿಂದಲ್ಲ, ಒಂದು ಜಾಬ್‌ನಿಂದ ಶುರು ಮಾಡಿ

ಮೆಕ್ಯಾನಿಕಲ್ ಓದಿದವರಿಗೆ ಸಿಐಎಂ ಹೊಸ ಹೆಸರಲ್ಲ. ಕಂಪ್ಯೂಟರ್ ಇಂಟಿಗ್ರೇಟೆಡ್ ಮ್ಯಾನುಫ್ಯಾಕ್ಚರಿಂಗ್, ಅಂದರೆ ವಿನ್ಯಾಸದಿಂದ ತಯಾರಿಕೆ, ಅಳತೆಯವರೆಗೆ ಎಲ್ಲವನ್ನೂ ಕಂಪ್ಯೂಟರ್ ಮೂಲಕ ಜೋಡಿಸುವುದು. ಈ ಮಾತನ್ನು ಜೋಸೆಫ್ ಹ್ಯಾರಿಂಗ್ಟನ್ 1973ರಲ್ಲೇ ಚಾಲ್ತಿಗೆ ತಂದರು. ನಮ್ಮ ಕಾಲೇಜುಗಳ ಸಿಲಬಸ್‌ನಲ್ಲೂ ಅದು ಬಹಳ ವರ್ಷಗಳಿಂದ ಇದೆ, ಲ್ಯಾಬೂ ಇದೆ. ಆದರೂ ಪಾಸಾಗಿ ಕಾರ್ಖಾನೆಗೆ ಹೋದ ಮಕ್ಕಳಿಗೆ ಎಲ್ಲವನ್ನೂ ಮೊದಲಿಂದ ಹೇಳಿಕೊಡಬೇಕು ಅನ್ನೋ ದೂರು ಮಾತ್ರ ನಿಂತಿಲ್ಲ.

ದೂರಿನಲ್ಲಿ ನಿಜ ಇದೆ, ಆದರೆ ತಪ್ಪು ಮಕ್ಕಳದ್ದಲ್ಲ. ಕ್ಯಾಡ್ (ಕಂಪ್ಯೂಟರ್‌ನಲ್ಲಿ ವಿನ್ಯಾಸ) ಒಂದು ಸೆಮಿಸ್ಟರ್‌ನಲ್ಲಿ, ಮೆಟ್ರಾಲಜಿ (ಅಳತೆಯ ಶಾಸ್ತ್ರ) ಇನ್ನೊಂದರಲ್ಲಿ, ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಯಂತ್ರ) ಮತ್ತೊಂದರಲ್ಲಿ, ಪಿಎಲ್‌ಸಿ (ಯಂತ್ರದ ಸೆನ್ಸರ್, ಸ್ವಿಚ್‌ಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಕೊನೆಗೆ ಎಲ್ಲೋ. ಕ್ಯಾಡ್‌ನಲ್ಲಿ ಬರೆದ ಭಾಗ ಯಂತ್ರದ ಮೇಲೆ ಬರುವುದೇ ಇಲ್ಲ. ಯಂತ್ರದಲ್ಲಿ ಮಾಡಿದ್ದನ್ನು ಸರಿಯಾಗಿ ಅಳೆಯುವುದಿಲ್ಲ. ಅಳೆದರೂ ಆ ಅಳತೆ ವಾಪಸ್ ಯಂತ್ರಕ್ಕೆ ಹೋಗಿ ಏನನ್ನೂ ಬದಲಿಸುವುದಿಲ್ಲ. ಕಾರ್ಖಾನೆಯಲ್ಲಿ ಸಂಬಳ ಸಿಗುವ ಕೆಲಸ ಇರೋದೇ ಈ ವಾಪಸ್ ದಾರಿಯಲ್ಲಿ. ಸಿಲಬಸ್ ಕೂಡ ಅದರ ಸುತ್ತಲೇ ಕಟ್ಟಬೇಕು.

ಅಟಾನಮಸ್ ಕಾಲೇಜಿನ ಬಿಓಎಸ್‌ನಲ್ಲಿ (ಸಿಲಬಸ್ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್) ಕೂರುವ ಮೇಷ್ಟ್ರುಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ 18 ಕ್ರೆಡಿಟ್‌ನ ಒಂದು ಆನರ್ಸ್ ಅಥವಾ ಮೈನರ್ (ಪದವಿಯ ಜೊತೆಗೆ ಹೆಚ್ಚುವರಿಯಾಗಿ ಓದುವ ವಿಷಯಗಳ ಗುಂಪು) ತೆಗೆದುಕೊಂಡಿದ್ದೇನೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಇಂಥದ್ದಕ್ಕೆ 18ರಿಂದ 20 ಹೆಚ್ಚುವರಿ ಕ್ರೆಡಿಟ್ ಇಟ್ಟಿದೆ. ನಿಮ್ಮ ಕಾಲೇಜು ವಿಟಿಯು ಸಿಲಬಸ್ಸನ್ನೇ ನಡೆಸುವುದಾದರೆ ವಿಷಯದ ಹೆಸರು ಬದಲಿಸಲು ಆಗದು. ಆದರೆ ಮಿನಿ ಪ್ರಾಜೆಕ್ಟ್, ಲ್ಯಾಬ್‌ನ ಜಾಬ್ (ಯಂತ್ರದ ಮೇಲೆ ಮಾಡುವ ಭಾಗ), ಇಂಟರ್ನಲ್ಸ್ ಪ್ರಶ್ನೆ, ಇಂಟರ್ನ್‌ಶಿಪ್ ಎಲ್ಲ ನಿಮ್ಮ ಕೈಯಲ್ಲೇ ಇವೆ. ಮುಂದೆ ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮಾಡಬಹುದು.

1. ಹತ್ತಿರದ ಕಾರ್ಖಾನೆಗಳಿಗೆ ಹೋಗಿ, ಸೂಪರ್‌ವೈಸರ್ ಹತ್ತಿರ ಕೂತು ಮಾತಾಡಿ

ಕರ್ನಾಟಕದ ಒಂದೊಂದು ಕಡೆ ಒಂದೊಂದು ಥರದ ಕೆಲಸ. ಪೀಣ್ಯದಲ್ಲಿ ಮೆಷಿನ್ ಟೂಲ್ ಮತ್ತು ನಿಖರ ಬಿಡಿಭಾಗ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಮತ್ತು ಮಷಿನಿಂಗ್. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಎರಕ. ಬಿಡದಿ, ನರಸಾಪುರದ ಕಡೆ ವಾಹನ. ದೇವನಹಳ್ಳಿ ಸುತ್ತ ವಿಮಾನದ ಭಾಗಗಳು. ಬೆಳಗಾವಿಯ ಕಾಲೇಜು ದೇವನಹಳ್ಳಿಯ ಸಿಲಬಸ್ ನಕಲು ಮಾಡಿದರೆ ಅಲ್ಲಿನ ಮಕ್ಕಳಿಗೆ ಪ್ರಯೋಜನ ಕಡಿಮೆ. ಎರಕದ ಭಾಗ ಮಷಿನಿಂಗ್ ಮಾಡುವವರಿಗೆ ಮೊದಲು ಬೇಕಾದದ್ದು ಫಿಕ್ಸ್ಚರ್ (ಭಾಗವನ್ನು ಯಂತ್ರದ ಮೇಲೆ ಸರಿಯಾಗಿ ಹಿಡಿದಿಡುವ ಸಾಧನ) ಜ್ಞಾನ, 5 ಆಕ್ಸಿಸ್ ಯಂತ್ರ ಅಲ್ಲ.

ಎಚ್‌ಆರ್ ವಿಭಾಗಕ್ಕೆ ಪ್ರಶ್ನಾವಳಿ ಕಳಿಸಿದರೆ "ಕಮ್ಯುನಿಕೇಷನ್ ಸ್ಕಿಲ್ಸ್, ಟೀಮ್ ವರ್ಕ್" ಅಂತ ಉತ್ತರ ಬರುತ್ತದೆ. ಅದರಿಂದ ಸಿಲಬಸ್ ಬರೆಯಲು ಆಗುವುದಿಲ್ಲ. ಶಾಪ್‌ಫ್ಲೋರ್‌ಗೆ ಹೋಗಿ ಈ ಪ್ರಶ್ನೆ ಕೇಳಿ:

- ಹೋದ ತಿಂಗಳು ಯಾವ ಜಾಬ್ ಜಾಸ್ತಿ ರಿಜೆಕ್ಟ್ ಆಯಿತು? ಯಾಕೆ?
- ಡ್ರಾಯಿಂಗ್ ನಿಮಗೆ ಕಾಗದದಲ್ಲಿ ಬರುತ್ತದಾ, ಪಿಡಿಎಫ್ ಆಗಿ ಬರುತ್ತದಾ, 3ಡಿ ಮಾಡೆಲ್ ಬರುತ್ತದಾ?
- ಪ್ರೋಗ್ರಾಂ ಯಾರು ಬರೆಯುತ್ತಾರೆ? ಆಫ್‌ಸೆಟ್ (ಟೂಲ್‌ನ ಸ್ಥಾನಕ್ಕೆ ಯಂತ್ರದಲ್ಲಿ ಹಾಕುವ ತಿದ್ದುಪಡಿ) ಬದಲಿಸುವ ಅಧಿಕಾರ ಯಾರಿಗಿದೆ?
- ರಾತ್ರಿ ಪಾಳಿಯಲ್ಲಿ ಯಂತ್ರ ನಿಂತರೆ ಬೆಳಗ್ಗೆ ಅದು ನಿಮಗೆ ಹೇಗೆ ಗೊತ್ತಾಗುತ್ತದೆ?

ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಚೆನ್ನಾಗಿ ಗಮನಿಸಿ. "ಆಪರೇಟರ್ ರಿಜಿಸ್ಟರ್‌ನಲ್ಲಿ ಬರೆದಿರುತ್ತಾನೆ" ಅಂತ ಹೇಳುವ ಕಡೆ ನಿಮ್ಮ ವಿದ್ಯಾರ್ಥಿಗೆ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಮಾಡಲು ಒಳ್ಳೆಯ ಕೆಲಸ ಕಾದಿದೆ.

ವಾಪಸ್ ಬಂದು ಹುದ್ದೆಗಳ ಪಟ್ಟಿ ಮಾಡಿ. ಸಿಎನ್‌ಸಿ ಪ್ರೋಗ್ರಾಮರ್, ಪ್ರೋಸೆಸ್ ಎಂಜಿನಿಯರ್, ಸಿಎಂಎಂ (ಭಾಗಗಳನ್ನು ಮೂರು ದಿಕ್ಕಿನಲ್ಲಿ ಅಳೆಯುವ ಯಂತ್ರ) ಪ್ರೋಗ್ರಾಮರ್, ಪಿಎಲ್‌ಸಿ ಎಂಜಿನಿಯರ್, ಯಂತ್ರ ತಯಾರಕರ ಬಳಿ ಅಪ್ಲಿಕೇಷನ್ ಎಂಜಿನಿಯರ್, ಎಂಇಎಸ್ (ಶಾಪ್‌ಫ್ಲೋರ್‌ನ ಉತ್ಪಾದನೆಯ ಲೆಕ್ಕ ಇಡುವ) ಸಾಫ್ಟ್‌ವೇರ್ ನೋಡಿಕೊಳ್ಳುವವರು. 18 ಕ್ರೆಡಿಟ್‌ನಲ್ಲಿ ಎಲ್ಲರನ್ನೂ ತಯಾರು ಮಾಡಲು ಆಗದು. ನಿಮ್ಮ ಸುತ್ತ ಹೆಚ್ಚು ಬೇಕಾದ ಎರಡನ್ನು ಆರಿಸಿ, ಉಳಿದವುಗಳ ಪರಿಚಯ ಮಾಡಿಸಿದರೆ ಸಾಕು.

2. ಇಡೀ ಕೋರ್ಸ್‌ಗೆ ಒಂದೇ ಜಾಬ್ ಆರಿಸಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಹೆಜ್ಜೆ. ನಾಲ್ಕನೇ ಸೆಮಿಸ್ಟರ್‌ನಿಂದ ಏಳನೆಯದರವರೆಗೆ ಒಂದೇ ಭಾಗ ಎಲ್ಲ ವಿಷಯಗಳ ಮೂಲಕ ಹಾದು ಹೋಗಬೇಕು. ನಾನು ಸೂಚಿಸುವುದು ಒಂದು ಸ್ಟೆಪ್ಡ್ ಶಾಫ್ಟ್ (ಮೆಟ್ಟಿಲಿನಂತೆ ವ್ಯಾಸ ಬದಲಾಗುವ ದಂಡ): ಇಎನ್8 ದರ್ಜೆಯ ಉಕ್ಕು, ಪುಲ್ಲಿ ಕೂರುವ ಜಾಗದಲ್ಲಿ 25 ಮಿ.ಮೀ. ವ್ಯಾಸ, ಒಂದು ಕೀ-ವೇ (ಕೀ ಕೂರುವ ಉದ್ದನೆಯ ತೋಡು), ತುದಿಯಲ್ಲಿ ಥ್ರೆಡ್. ಲೇತ್‌ಗೂ ಕೆಲಸ, ಮಿಲ್ಲಿಂಗ್‌ಗೂ ಕೆಲಸ, ಅಳತೆಗೂ ಕೆಲಸ. ಸಾಮಾನು ಅಗ್ಗ, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ.

ಆ ಪುಲ್ಲಿ ಜಾಗಕ್ಕೆ ಎಚ್6 ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಕೊಡಿ. ಶಾಫ್ಟ್‌ಗೆ ಬಳಸುವ ಚಿಕ್ಕ ಅಕ್ಷರದ ಎಚ್. 25 ಮಿ.ಮೀ.ಗೆ ಅದು ಸೊನ್ನೆಯಿಂದ ಕೆಳಕ್ಕೆ 13 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಅಂದರೆ ವ್ಯಾಸ 25.000 ಮತ್ತು 24.987ರ ನಡುವೆ ಇರಬೇಕು. ಕಾರ್ಖಾನೆಯಲ್ಲಿ ಇಂಥ ಜಾಗವನ್ನು ಸಾಮಾನ್ಯವಾಗಿ ಗ್ರೈಂಡಿಂಗ್‌ಗೆ ಕಳಿಸುತ್ತಾರೆ. ಕಲಿಯುವವರಿಗೆ ಲೇತ್‌ನಲ್ಲೇ ಫಿನಿಷ್ ಮಾಡಿಸಿ. ಕಷ್ಟ ಅನ್ನಿಸಬೇಕು, ಆಗಲೇ ಕಲಿಕೆ.

ಈಗ ಮೊದಲ ಜಾಬ್ ಬಂತು. ಚಕ್‌ನಿಂದ ತೆಗೆದ ಕೂಡಲೇ ಮೈಕ್ರೋಮೀಟರ್ ಹಿಡಿದರೆ 25.018 ತೋರಿಸುತ್ತಿದೆ ಅಂದುಕೊಳ್ಳಿ. ಓವರ್‌ಸೈಜ್. ವಿದ್ಯಾರ್ಥಿಯ ಲೆಕ್ಕ ಹೀಗೆ ಓಡುತ್ತದೆ: ನಡುವಿನ ಗುರಿ 24.994, ಹೆಚ್ಚಿರುವುದು 0.024, ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ಹಾಕುವ ತಿದ್ದುಪಡಿ) ಎಕ್ಸ್‌ಗೆ, ಅಂದರೆ ವ್ಯಾಸದ ದಿಕ್ಕಿಗೆ, ಮೈನಸ್ 0.024 ಹಾಕಬೇಕು. ಲೆಕ್ಕ ಸರಿ. ಆದರೆ ಅವಸರ.

ಜಾಬ್ ಬಿಸಿಯಾಗಿದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರೋಮೀಟರ್‌ಗಿಂತ ಜಾಬ್ 20 ಡಿಗ್ರಿ ಬಿಸಿ ಇದ್ದರೆ 25 ಮಿ.ಮೀ.ಗೆ ಸುಮಾರು 6 ಮೈಕ್ರಾನ್ ಹೆಚ್ಚು ಕಾಣುತ್ತದೆ. ಟಾಲರೆನ್ಸ್ ಇರೋದೇ 13. ನಿಜವಾದ ವ್ಯಾಸ 25.012ರ ಹತ್ತಿರ. ಮೈನಸ್ 0.024 ಹಾಕಿದರೆ ಮುಂದಿನ ಜಾಬ್ ತಣ್ಣಗಾದ ಮೇಲೆ 24.988ಕ್ಕೆ ಬಂದು ನಿಲ್ಲುತ್ತದೆ. ಕೆಳಗಿನ ಮಿತಿಗೆ ಇನ್ನು ಒಂದೇ ಮೈಕ್ರಾನ್ ಬಾಕಿ. ಟೂಲ್ ಸ್ವಲ್ಪ ಬೇರೆ ಥರ ನಡೆದುಕೊಂಡರೂ ಅಂಡರ್‌ಸೈಜ್. ಓವರ್‌ಸೈಜ್ ಬಂದದ್ದನ್ನು ಮತ್ತೆ ಕಟ್ ಮಾಡಬಹುದು, ಅಂಡರ್‌ಸೈಜ್ ಹೋದದ್ದು ಸ್ಕ್ರಾಪ್.

ಈ ಒಂದು ಘಟನೆಯಲ್ಲಿ ಏನೆಲ್ಲ ಬಂತು ನೋಡಿ. ಫಿಟ್ಸ್ ಅಂಡ್ ಟಾಲರೆನ್ಸ್, ಉಷ್ಣ ಹಿಗ್ಗುವಿಕೆ, ಆಫ್‌ಸೆಟ್, ಅಳತೆಯ ಶಿಸ್ತು. ಬೇರೆ ಬೇರೆ ಪೇಪರ್‌ಗಳಲ್ಲಿ ಚದುರಿದ್ದ ವಿಷಯಗಳು ಒಬ್ಬ ಹುಡುಗಿಯ ಕೈಯಲ್ಲಿರುವ ಶಾಫ್ಟ್ ಮೇಲೆ ಸೇರಿದವು. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಆಧಾರ ಅಂತ ಸುಮ್ನೆ ಬೋರ್ಡ್ ಮೇಲೆ ಬರೆದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಮರೆತು ಹೋಗುತ್ತದೆ. ಹೀಗೆ ಕಲಿತರೆ ಮರೆಯುವುದಿಲ್ಲ.

3. ಕ್ರೆಡಿಟ್ ಹಂಚಿ

ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಲ್ಯಾಬ್‌ಗೆ ಒಂದು ಕ್ರೆಡಿಟ್. ಈ ಲೆಕ್ಕದಲ್ಲಿ ನಾನು ಹೀಗೆ ಹಂಚುತ್ತೇನೆ:

- ನಾಲ್ಕನೇ ಸೆಮಿಸ್ಟರ್: ಡ್ರಾಯಿಂಗ್ ಓದುವುದು ಮತ್ತು ಅಳತೆ. ಪಾಠ 2, ಲ್ಯಾಬ್ 1.
- ಐದನೇ ಸೆಮಿಸ್ಟರ್: ಪ್ರೋಸೆಸ್ ಪ್ಲ್ಯಾನಿಂಗ್ ಮತ್ತು ಸಿಎನ್‌ಸಿ. ಪಾಠ 2, ಲ್ಯಾಬ್ 2.
- ಐದನೇ ಸೆಮಿಸ್ಟರ್: ಪಿಎಲ್‌ಸಿ, ಸೆನ್ಸರ್, ನ್ಯೂಮ್ಯಾಟಿಕ್ಸ್. ಪಾಠ 2, ಲ್ಯಾಬ್ 1.
- ಆರನೇ ಸೆಮಿಸ್ಟರ್: ಯಂತ್ರದ ಡೇಟಾ ಮತ್ತು ನೆಟ್‌ವರ್ಕ್. ಪಾಠ 2, ಲ್ಯಾಬ್ 1.
- ಏಳನೇ ಸೆಮಿಸ್ಟರ್: ಉತ್ಪಾದನಾ ಯೋಜನೆ. ಪಾಠ 2.
- ಏಳನೇ ಸೆಮಿಸ್ಟರ್: ಪ್ರಾಜೆಕ್ಟ್. 3.

ಒಟ್ಟು 18. ಅಳತೆಯನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣ ಇದೆ. ನಾಲ್ಕನೇ ಸೆಮಿಸ್ಟರ್‌ನವರು ಅಳೆಯುವುದು ಸೀನಿಯರ್‌ಗಳು ಮಾಡಿದ ಶಾಫ್ಟ್‌ಗಳನ್ನು. 30 ಶಾಫ್ಟ್ ಅಳೆದರೆ ಎಸ್‌ಪಿಸಿ (ಅಂಕಿಅಂಶದಿಂದ ಗುಣಮಟ್ಟ ಹಿಡಿತದಲ್ಲಿಡುವ ವಿಧಾನ) ಹೇಳಿಕೊಡಲು ನಿಜವಾದ ಅಂಕಿ ಸಿಗುತ್ತದೆ. ಜೊತೆಗೆ ಮುಂದಿನ ವರ್ಷ ತಾವು ಮಾಡುವ ಜಾಬ್ ಯಾವುದು, ಎಲ್ಲೆಲ್ಲಿ ಎಡವುತ್ತಾರೆ ಅನ್ನೋದು ಮೊದಲೇ ತಿಳಿಯುತ್ತದೆ. ಮೊದಲ ಬ್ಯಾಚ್‌ಗೆ ಸೀನಿಯರ್ ಶಾಫ್ಟ್ ಇರುವುದಿಲ್ಲವಲ್ಲ, ಆಗ ಹತ್ತಿರದ ಕಾರ್ಖಾನೆಯಿಂದ ರಿಜೆಕ್ಟ್ ಆದ ಶಾಫ್ಟ್ ಕೇಳಿ ತನ್ನಿ. ಖುಷಿಯಾಗಿ ಕೊಡುತ್ತಾರೆ.

ಪಿಎಲ್‌ಸಿಯನ್ನೂ ಇದೇ ಶಾಫ್ಟ್‌ಗೆ ಕಟ್ಟಿ. ಟ್ರಾಫಿಕ್ ಲೈಟ್ ಪ್ರೋಗ್ರಾಂ ಸಾಕು ಬಿಡಿ. ಜಾಬ್ ಬಂತಾ ಅಂತ ಸೆನ್ಸರ್ ನೋಡಬೇಕು, ಸಿಲಿಂಡರ್ ಹಿಡಿಯಬೇಕು, ಬಾಗಿಲು ಮುಚ್ಚಿದ ಮೇಲಷ್ಟೇ ಸ್ಟಾರ್ಟ್ ಆಗಬೇಕು, ನಡುವೆ ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಮತ್ತೆ ಎಲ್ಲಿಂದ ಶುರು ಮಾಡಬೇಕು? ಈ ಕೊನೆಯ ಪ್ರಶ್ನೆಯೇ ಒಂದು ವಾರದ ಪಾಠ.

4. ಯಂತ್ರದ ನಿಮಿಷ ಲೆಕ್ಕ ಹಾಕಿ

20 ಜನರ ಬ್ಯಾಚ್, ಒಂದು ಸಿಎನ್‌ಸಿ ಲೇತ್, ಎರಡು ಗಂಟೆ ಲ್ಯಾಬ್. ತಲೆಗೆ 6 ನಿಮಿಷ. ಅಷ್ಟರಲ್ಲಿ ಯಾರೂ ಏನೂ ಕಲಿಯಲಾರರು. ಒಬ್ಬ ಬಟನ್ ಒತ್ತುತ್ತಾನೆ, ಉಳಿದವರು ಹಿಂದೆ ನಿಂತು ರೆಕಾರ್ಡ್ ಬರೆಯುತ್ತಾರೆ.

ವಾರದ ಎರಡು ಲ್ಯಾಬ್‌ಗಳನ್ನು ಸೇರಿಸಿ ನಾಲ್ಕು ಗಂಟೆಯ ಒಂದು ಅವಧಿ ಮಾಡಿ. ನಾಲ್ಕು ಜನರ ಐದು ಗುಂಪು, ಐದು ಜಾಗ, ಒಂದೊಂದರಲ್ಲಿ 45 ನಿಮಿಷ. ಉಳಿಯುವ 15 ನಿಮಿಷ ಜಾಗ ಬದಲಿಸಲು. ಒಂದು ಗುಂಪು ಯಂತ್ರದ ಮೇಲೆ, ಒಂದು ಸಿಮ್ಯುಲೇಟರ್‌ನಲ್ಲಿ, ಒಂದು ಇನ್ಸರ್ಟ್ (ಟೂಲ್‌ಗೆ ಸಿಕ್ಕಿಸುವ ಕತ್ತರಿಸುವ ತುಣುಕು) ಆರಿಸಿ ಟೂಲ್ ಕಟ್ಟುವಲ್ಲಿ, ಒಂದು ಅಳತೆಯ ಮೇಜಿನಲ್ಲಿ, ಒಂದು ಪ್ರೋಸೆಸ್ ಶೀಟ್ (ಜಾಬ್ ಮಾಡುವ ಹಂತಗಳ ಪಟ್ಟಿ) ಬರೆಯುವಲ್ಲಿ. ಟೈಮ್‌ಟೇಬಲ್ ಮಾಡುವವರು ಗೊಣಗುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ.

ಖರೀದಿ ಇದಾದ ಮೇಲೆ. ದೊಡ್ಡ ಮೊತ್ತದ ಯಂತ್ರ ತಂದು, ಟೂಲ್‌ಗೂ ಇನ್ಸರ್ಟ್‌ಗೂ ವರ್ಷಕ್ಕೆ ಹಣ ಇಡದೆ, ಹೊದಿಕೆ ಹಾಕಿ ನಿಲ್ಲಿಸಿದ ಲ್ಯಾಬ್‌ಗಳನ್ನು ನೋಡಿದ್ದೇನೆ. ನೋವಾಗುತ್ತದೆ. ಬಜೆಟ್ ಬರೆಯುವಾಗ ಯಂತ್ರದ ಸಾಲಿನ ಕೆಳಗೇ ಇನ್ಸರ್ಟ್, ಕೂಲೆಂಟ್, ಬಾರ್ ಸ್ಟಾಕ್, ಗೇಜ್ ಕ್ಯಾಲಿಬ್ರೇಷನ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಅಂತ ಪ್ರತಿ ವರ್ಷದ ಖರ್ಚು ಸೇರಿಸಿ. ಸಾಫ್ಟ್‌ವೇರ್‌ಗೆ ಹಣ ಸಾಲದಿದ್ದರೆ ಕ್ಯಾಡ್‌ಗೆ ಫ್ರೀಕ್ಯಾಡ್, ಕಂಟ್ರೋಲ್ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಲಿನಕ್ಸ್‌ಸಿಎನ್‌ಸಿ, ಪಿಎಲ್‌ಸಿಗೆ ಓಪನ್‌ಪಿಎಲ್‌ಸಿ. ಮೂರೂ ಉಚಿತ. ಕಾರ್ಖಾನೆಯ ಫಾನುಕ್, ಸೀಮೆನ್ಸ್ ಪ್ಯಾನೆಲ್ ಇವಕ್ಕಿಂತ ಬೇರೆ ಇರುತ್ತದೆ ನಿಜ. ಹಾಗಾಗಿ ಒಂದಾದರೂ ನಿಜವಾದ ಕಂಟ್ರೋಲ್ ಮೇಲೆ ಕೈ ಆಡಿಸುವ ಅವಕಾಶ ಇರಲೇಬೇಕು. ನಿಮ್ಮಲ್ಲಿಲ್ಲದಿದ್ದರೆ ಹತ್ತಿರದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಜೊತೆ ಮಾತಾಡಿ.

ಸುರಕ್ಷತೆಯ ಪಾಠ ಮೊದಲ ದಿನ. ಚಕ್ ಕೀ ಚಕ್‌ನಲ್ಲೇ ಬಿಡಬಾರದು, ತಿರುಗುವ ಜಾಬ್ ಹತ್ತಿರ ಕೈಗವಸು ಬೇಡ, ಬಾಗಿಲಿನ ಇಂಟರ್‌ಲಾಕ್ ಬೈಪಾಸ್ ಮಾಡಬಾರದು. ಹೊಸ ಪ್ರೋಗ್ರಾಂ ಅಂದರೆ ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲಾಗಿ), ವೇಗದ ಚಲನೆಯಾದ ರ‍್ಯಾಪಿಡ್ ಕಡಿಮೆ ಮಾಡಿಕೊಂಡೇ ಓಡಿಸಬೇಕು.

5. ಹಳೆಯ ಯಂತ್ರದಿಂದ ಡೇಟಾ ತೆಗೆಯಲು ಕಲಿಸಿ

ಇಂಡಸ್ಟ್ರಿ 4.0 ಅಂತ ಪೋಸ್ಟರ್ ಹಾಕುವ ಕಡೆಯೂ ಈ ಭಾಗ ತೀರಾ ಬಡವಾಗಿರುತ್ತದೆ. ಹೊಸ ಯಂತ್ರಗಳಲ್ಲಿ ಓಪಿಸಿ ಯುಎ ಅಥವಾ ಎಂಟಿಕನೆಕ್ಟ್ ಮೂಲಕ ಡೇಟಾ ಸಿಗಬಹುದು. ಆದರೆ ಸಣ್ಣ ಕಾರ್ಖಾನೆಗಳಲ್ಲಿ ನಿಮ್ಮ ಮಕ್ಕಳಿಗೆ ಎದುರಾಗುವುದು ನೆಟ್‌ವರ್ಕ್ ಪೋರ್ಟೇ ಇಲ್ಲದ ಹಳೆಯ ಯಂತ್ರ. ಹಾಗಾಗಿ ಶುರು ಅಲ್ಲಿಂದಲೇ.

ಸುಲಭದ ದಾರಿ, ಯಂತ್ರದ ಮೇಲಿರುವ ಟವರ್ ಲ್ಯಾಂಪ್. ಹಸಿರು ಅಂದರೆ ಓಡುತ್ತಿದೆ, ಕೆಂಪು ಅಂದರೆ ಅಲಾರ್ಮ್. ಆ ದೀಪಕ್ಕೆ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. ಅದನ್ನು ಓದಲು ಬಳಸುವ ಸಣ್ಣ ಕಂಪ್ಯೂಟರ್ ರಾಸ್ಪ್‌ಬೆರಿ ಪೈನ ಪಿನ್ ತಡೆಯುವುದು 3.3 ವೋಲ್ಟ್ ಮಾತ್ರ. ನೇರ ಕೊಟ್ಟರೆ ಬೋರ್ಡ್ ಸುಟ್ಟು ಹೋಗುತ್ತದೆ, ನಡುವೆ ಆಪ್ಟೋಕಪ್ಲರ್ (ಎರಡು ಸರ್ಕ್ಯೂಟ್‌ಗಳನ್ನು ಬೆಳಕಿನ ಮೂಲಕ ಜೋಡಿಸುವ ಬಿಡಿಭಾಗ) ಬೇಕು. ಅಲ್ಲಿಂದ ಎಂಕ್ಯೂಟಿಟಿ (ಸಣ್ಣ ಸಂದೇಶ ಕಳಿಸುವ ಪ್ರೋಟೋಕಾಲ್) ಮೂಲಕ ನೋಡ್-ರೆಡ್ ಸಾಫ್ಟ್‌ವೇರ್‌ಗೆ ಕಳಿಸಿದರೆ ಪರದೆಯ ಮೇಲೆ ಯಂತ್ರ ಓಡಿದ ಸಮಯ, ನಿಂತ ಸಮಯ ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗದವರನ್ನು ಈ ಲ್ಯಾಬ್‌ಗೆ ಕರೆಯಿರಿ. ಮೆಕ್ಯಾನಿಕಲ್‌ನವರು ಒಂಟಿಯಾಗಿ ಎಳೆಯಬೇಕಾದ ತೇರಲ್ಲ ಇದು.

ಡೇಟಾ ಬಂದ ಮೇಲೆ ಅದರಿಂದ ಏನು ಮಾಡಬೇಕು ಅನ್ನೋದಕ್ಕೆ ಓಇಇ (ಯಂತ್ರ ಒಟ್ಟಾರೆ ಎಷ್ಟು ಪರಿಣಾಮಕಾರಿಯಾಗಿ ಓಡಿತು ಅನ್ನುವ ಅಳತೆ) ಲೆಕ್ಕ ಮಾಡಿಸಿ. 480 ನಿಮಿಷದ ಪಾಳಿಯಲ್ಲಿ ಊಟ, ಟೀಗೆ 30 ಹೋದರೆ 450. ಸೆಟ್ಟಿಂಗ್ ಮತ್ತು ಟೂಲ್ ಮುರಿದದ್ದಕ್ಕೆ 90 ಹೋಗಿ ಯಂತ್ರ ಓಡಿದ್ದು 360. ಲಭ್ಯತೆ ಶೇ. 80. ಒಂದು ಜಾಬ್‌ಗೆ 2 ನಿಮಿಷದಂತೆ 180 ಆಗಬೇಕಿತ್ತು, ಆದದ್ದು 153. ಕಾರ್ಯಕ್ಷಮತೆ ಶೇ. 85. ಒಳ್ಳೆಯವು 150, ಗುಣಮಟ್ಟ ಶೇ. 98. ಮೂರನ್ನೂ ಗುಣಿಸಿದರೆ ಶೇ. 67ರ ಹತ್ತಿರ. ಆಮೇಲೆ ಕೇಳಿ: ಎಲ್ಲಿಂದ ಸರಿಪಡಿಸೋಣ? ಹೆಚ್ಚಿನವರು ರಿಜೆಕ್ಟ್ ಆದ 3 ಜಾಬ್ ಹಿಡಿದು ಕೂರುತ್ತಾರೆ. ದೊಡ್ಡ ನಷ್ಟ ಇರೋದು ಆ 90 ನಿಮಿಷದಲ್ಲಿ. ಅದನ್ನು ಅವರೇ ಕಂಡುಹಿಡಿಯಲಿ, ನೀವು ಹೇಳಬೇಡಿ.

ಇಂಟರ್ನ್‌ಶಿಪ್ಪನ್ನು ಆರನೇ ಸೆಮಿಸ್ಟರ್ ಮುಗಿದ ಮೇಲೆ ಇಡಿ. ಅಷ್ಟರಲ್ಲಿ ಈ ಲೆಕ್ಕ ಕೈಗೆ ಬಂದಿರುತ್ತದೆ. ಒಂದು ಯಂತ್ರದ ಓಇಇ ತೆಗೆದು ಕೊಟ್ಟು ಬಾ ಅಂತ ನಿಗದಿ ಕೆಲಸ ಕೊಟ್ಟು ಕಳಿಸಬಹುದು.

6. ಪರೀಕ್ಷೆ ಬದಲಿಸದೆ ಸಿಲಬಸ್ ಬದಲಿಸಿದರೆ ಏನೂ ಬದಲಾಗದು

"ಎಫ್‌ಎಂಎಸ್ (ಫ್ಲೆಕ್ಸಿಬಲ್ ಮ್ಯಾನುಫ್ಯಾಕ್ಚರಿಂಗ್ ಸಿಸ್ಟಮ್) ಅನ್ನು ಚಿತ್ರಸಹಿತ ವಿವರಿಸಿ" ಅನ್ನುವ ಪ್ರಶ್ನೆ ಇರುವ ತನಕ ಮಕ್ಕಳು ನೋಟ್ಸ್ ಬಾಯಿಪಾಠ ಮಾಡುತ್ತಾರೆ. ತಪ್ಪಿರುವ ಪ್ರೋಗ್ರಾಂ ಕೊಡಿ. ಜಿ02 (ಪ್ರದಕ್ಷಿಣ ಕಮಾನು) ಇರಬೇಕಾದ ಕಡೆ ಜಿ03 (ಅಪ್ರದಕ್ಷಿಣ ಕಮಾನು) ಇರಲಿ. ಸ್ಪಿಂಡಲ್ ತಿರುಗಿಸುವ ಎಂ03 ಬಿಟ್ಟು ಹೋಗಿರಲಿ. ಒಂದು ಕಡೆ ಜಿ00ದಲ್ಲೇ (ವೇಗದ ಚಲನೆ) ಟೂಲ್ ಜಾಬ್‌ಗೆ ನುಗ್ಗುವಂತಿರಲಿ. ಹುಡುಕಿ, ಒಂದೊಂದರಿಂದ ಯಂತ್ರದ ಮೇಲೆ ಏನಾಗುತ್ತದೆ ಬರೆಯಿರಿ ಅನ್ನಿ. ವೈವಾಗೆ ಎರಡು ಶಾಫ್ಟ್ ಮೇಜಿನ ಮೇಲಿಡಿ, ಒಂದು ಪಾಸ್, ಒಂದು ರಿಜೆಕ್ಟ್. ಯಾವುದು ಯಾವುದು, ಹೇಗೆ ಗೊತ್ತಾಯಿತು, ಯಂತ್ರದಲ್ಲಿ ಏನು ಬದಲಿಸುತ್ತೀರಿ?

ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಎನ್‌ಬಿಎಗೆ ಬೇಕಾದ ಕೋರ್ಸ್ ಔಟ್‌ಕಮ್ ಕೂಡ ಇದರಿಂದಲೇ ಹುಟ್ಟಲಿ. "ಸಿಎನ್‌ಸಿ ತತ್ವಗಳನ್ನು ಅರ್ಥ ಮಾಡಿಕೊಳ್ಳುವುದು" ಅಂತ ಬರೆದರೆ ಅಳೆಯುವುದು ಹೇಗೆ? "ಕೊಟ್ಟ ಡ್ರಾಯಿಂಗ್‌ಗೆ ಪ್ರೋಸೆಸ್ ಶೀಟ್ ಬರೆದು, 5 ಜಾಬ್ ಮಾಡಿ, ಅಳತೆಯ ವರದಿ ಕೊಡಬಲ್ಲರು" ಅಂತ ಬರೆಯಿರಿ. ಮ್ಯಾಪಿಂಗ್ ಟೇಬಲ್ ಕೊನೆಗೆ ತುಂಬಿಸಿದರಾಯಿತು.

ವೈವಾದಲ್ಲಿ ಭಾಷೆ ಅಡ್ಡ ಬರಬಾರದು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಸೆಟ್ಟಿಂಗ್ ಮಾಡಿದ್ದನ್ನು ಕನ್ನಡದಲ್ಲಿ ವಿವರಿಸಲಿ, ಪೂರ್ತಿ ಅಂಕ ಕೊಡಿ. ಶಾಪ್‌ಫ್ಲೋರ್‌ನಲ್ಲಿ ಮಾತು ನಡೆಯುವುದೂ ಕನ್ನಡದಲ್ಲೇ ಅಲ್ವಾ? ಪ್ಯಾನೆಲ್ ಮೇಲೆ ಅಲಾರ್ಮ್ ಇಂಗ್ಲಿಷ್‌ನಲ್ಲಿ ಬರುತ್ತದೆ. ಸಾಮಾನ್ಯ ಅಲಾರ್ಮ್‌ಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸ ಬೇರೆಯಾಗಿ ಮಾಡಿಸಿ.

7. ಕಲಿಸುವವರನ್ನು ತಯಾರು ಮಾಡಿ

ಲ್ಯಾಬ್ ಇನ್‌ಸ್ಟ್ರಕ್ಟರ್‌ಗಳನ್ನು ಸಿಲಬಸ್ ಸಭೆಗೆ ಕರೆಯುವ ಕಾಲೇಜು ಅಪರೂಪ. ಯಂತ್ರದ ಹತ್ತಿರ ದಿನವಿಡೀ ನಿಲ್ಲುವವರು ಅವರೇ. ಯಾವ ಪ್ರಯೋಗ 45 ನಿಮಿಷದಲ್ಲಿ ಮುಗಿಯುತ್ತದೆ ಅನ್ನೋದು ಪ್ರೊಫೆಸರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೊದಲ ಕರಡನ್ನು ಅವರ ಕೈಗೆ ಕೊಟ್ಟು ಅಭಿಪ್ರಾಯ ಕೇಳಿ.

ಮೇಷ್ಟ್ರುಗಳು ರಜೆಯಲ್ಲಿ ಎರಡು ವಾರವಾದರೂ ಕಾರ್ಖಾನೆಯಲ್ಲಿ ನಿಲ್ಲಲಿ. ಬೆಂಗಳೂರಿನಲ್ಲಿ 1962ರಿಂದ ಇರುವ ಉತ್ಪಾದನಾ ತಂತ್ರಜ್ಞಾನದ ಕೇಂದ್ರ ಸಂಸ್ಥೆ ಸಿಎಂಟಿಐ ತರಬೇತಿ ಕೊಡುತ್ತದೆ. ಮೆಷಿನ್ ಟೂಲ್ ತಯಾರಕರ ಸಂಘವಾದ ಐಎಂಟಿಎಂಎ ಕೂಡ ತರಬೇತಿ ನಡೆಸುತ್ತದೆ. ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ವ್ಯವಸ್ಥೆಯಲ್ಲಿ ಪಿಎಚ್‌ಡಿ ಇಲ್ಲದಿದ್ದರೂ ದೀರ್ಘ ಅನುಭವ ಇರುವವರನ್ನು ತೆಗೆದುಕೊಳ್ಳಬಹುದು. ಕಾರ್ಖಾನೆಯಿಂದ ನಿವೃತ್ತರಾದ, ಕಲಿಸುವ ಆಸೆ ಇರುವ ಎಂಜಿನಿಯರ್‌ಗಳು ಬೆಂಗಳೂರು, ಮೈಸೂರು, ಬೆಳಗಾವಿಯಲ್ಲಿ ಖಂಡಿತ ಇದ್ದಾರೆ. ಹೋಗಿ ಕೇಳಬೇಕು ಅಷ್ಟೇ.

8. ಬಿಓಎಸ್‌ಗೆ ಹೋಗುವ ಮುನ್ನ

ಅಟಾನಮಸ್ ಕಾಲೇಜಿನ ಬಿಓಎಸ್‌ನಲ್ಲಿ ಉದ್ಯಮದ ಪ್ರತಿನಿಧಿಗೂ ಹಳೆಯ ವಿದ್ಯಾರ್ಥಿಗೂ ಜಾಗ ಇದೆ. ಆ ಎರಡು ಕುರ್ಚಿಯಲ್ಲಿ ಉತ್ಪಾದನೆ ನೋಡಿಕೊಳ್ಳುವವರೇ ಕೂರುವಂತೆ ನೋಡಿಕೊಳ್ಳಿ. ಸಭೆಗೆ ಒಂದು ವಾರ ಮೊದಲೇ ಕರಡು ಕಳಿಸಿ, ಜೊತೆಗೆ ಶಾಫ್ಟ್‌ನ ಡ್ರಾಯಿಂಗೂ ಹೋಗಲಿ. "ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತೀರಿ" ಅಂತ ಕೇಳಿದರೆ ಚರ್ಚೆ ತಾನಾಗಿ ಕೆಲಸದ ಕಡೆ ತಿರುಗುತ್ತದೆ.

ಸಿಲಬಸ್‌ನಲ್ಲಿ ಸಾಫ್ಟ್‌ವೇರ್ ಹೆಸರು, ಆವೃತ್ತಿ, ಕಂಪನಿ ಹೆಸರು ಬರೆಯಬೇಡಿ. "ಒಂದು ಕ್ಯಾಮ್ ಸಾಫ್ಟ್‌ವೇರ್", "ಯಂತ್ರದಿಂದ ಡೇಟಾ ತರುವ ಒಂದು ಪ್ರೋಟೋಕಾಲ್" ಅಂತಿದ್ದರೆ ಸಾಕು. ಹೆಸರುಗಳೆಲ್ಲ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿರಲಿ. ಆಗ ಪ್ರತಿ ವರ್ಷ ಬೇಸಿಗೆಯಲ್ಲಿ ಮ್ಯಾನ್ಯುಯಲ್ ತಿದ್ದಿಕೊಳ್ಳಬಹುದು, ಅಷ್ಟಕ್ಕೇ ಬಿಓಎಸ್ ಕರೆಯಬೇಕಾಗುವುದಿಲ್ಲ. ಶಾಫ್ಟ್‌ನ ಅಳತೆಗಳನ್ನೂ ಪ್ರತಿ ವರ್ಷ ಬದಲಿಸಿ. 25 ಇದ್ದದ್ದು 28 ಆಗಲಿ, ಕೀ-ವೇ ಜಾಗ ಸರಿಯಲಿ. ಸೀನಿಯರ್‌ಗಳ ಪ್ರೋಗ್ರಾಂ ಪೆನ್ ಡ್ರೈವ್‌ನಲ್ಲಿ ಬಂದರೂ ಹಾಗೇ ಓಡಿಸಲು ಆಗಬಾರದು.